ಲೇಖನಿ ಹಿಡಿತಕ್ಕೆ ತಕ್ಕ ಬ್ಲೇಡು

ಬಡಗಿಗೆ ಉಳಿ ಹೇಗೋ ಆಟಗಾರನಿಗೆ ಅವನ ಸಲಕರಣೆ ಹಾಗೆ. ಆದರೆ ಸಲಕರಣೆಯ ಮಾತೆತ್ತಿದ ಕೂಡಲೇ "ಕುಣಿಯಲಾರದವಳು ನೆಲ ಡೊಂಕು ಎಂದಳಂತೆ" ಎಂಬ ಗಾದೆಯನ್ನು ಹೇಳಿ ಬಾಯಿ ಮುಚ್ಚಿಸುವುದು ನಮ್ಮಲ್ಲಿ ರೂಢಿಯಾಗಿದೆ. ಗಾದೆ ಸುಳ್ಳೆಂದು ನಾನು ಹೇಳುವುದಿಲ್ಲ. ನೆಲವು ನಿಜವಾಗಿಯೂ ಡೊಂಕಾಗಿರುವ ಸಂದರ್ಭಗಳೂ ಉಂಟೆಂಬುದಷ್ಟೇ ನನ್ನ ವಾದ. ಟೇಬಲ್ ಟೆನ್ನಿಸ್ ಆಟದಲ್ಲಿ ಲೇಖನಿ ಹಿಡಿತದವರ ಪಾಡು ಅನೇಕ ವೇಳೆ ಇಂಥದು. ಅವರಿಗೆ ಒಗ್ಗುವ ಬ್ಲೇಡು ಯಾವುದು, ಅದನ್ನು ಆರಿಸಿಕೊಳ್ಳುವ ಬಗೆ ಹೇಗೆ ಎಂಬುದನ್ನು ನನಗೆ ತಿಳಿದ ಮಟ್ಟಿಗೆ ವಾಚಕರ ಮುಂದಿಡಲು ಬಯಸುತ್ತೇನೆ. ಮೂರು ವರ್ಷಗಳಿಂದ ಕಾಲೇಜಿನ ತಂಡದಲ್ಲಿ ಅದೇ ಹಿಡಿತದಿಂದ ಆಡುತ್ತಿರುವುದೇ ಈ ವಿಷಯದಲ್ಲಿ ನನಗಿರುವ ಅರ್ಹತೆ.

ಆಟದ ಪರಿಚಯವಿಲ್ಲದವರಿಗಾಗಿ ಮೊದಲು ಎರಡು ಮಾತು. ಬ್ಲೇಡು ಎಂದಾಗ ಕ್ಷೌರದ ನೆನಪಾಗುವುದು ಸಹಜ. ಇಲ್ಲಿ ಬ್ಲೇಡೆಂದರೆ ಬ್ಯಾಟಿನ ಮರದ ಭಾಗ. ಹಲಗೆಯೂ ಹಿಡಿಯೂ ಸೇರಿದ್ದು. ಅದರ ಮೇಲೆ ರಬ್ಬರಿನ ಹಾಳೆಯನ್ನು ಅಂಟಿಸಿದಾಗ ಅದು ಬ್ಯಾಟಾಗುತ್ತದೆ. ಬ್ಯಾಟನ್ನು ಹಿಡಿಯುವ ಕ್ರಮಗಳಲ್ಲಿ ಎರಡು ಮುಖ್ಯ. ಒಬ್ಬರ ಕೈ ಕುಲುಕುವಂತೆ ಹಿಡಿಯನ್ನು ಅಂಗೈಯಲ್ಲಿ ಹಿಡಿದುಕೊಳ್ಳುವುದು ಹಸ್ತಲಾಘವದ ಹಿಡಿತ. ಆಟಗಾರರು ಇದನ್ನು ಶೇಕ್‌ಹ್ಯಾಂಡ್ ಎನ್ನುತ್ತಾರೆ. ಹೆಬ್ಬೆರಳು ತೋರುಬೆರಳುಗಳ ನಡುವೆ ಬ್ಯಾಟಿನ ಕತ್ತನ್ನು ಹಿಡಿದು, ಉಳಿದ ಮೂರು ಬೆರಳುಗಳನ್ನು ಹಲಗೆಯ ಬೆನ್ನಿಗೆ ಕೊಡುವುದು ಲೇಖನಿ ಹಿಡಿತ, ಅಂದರೆ ಪೆನ್‌ಹೋಲ್ಡ್. ಸೀಮೆಸುಣ್ಣ ಹಿಡಿದು ಕರಿಹಲಗೆಯ ಮುಂದೆ ನಿಂತ ನಮ್ಮ ಅಧ್ಯಾಪಕರ ಕೈಯನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ನಮ್ಮ ನಾಡಿನಲ್ಲಿ ಈ ಎರಡನೆಯ ಹಿಡಿತದವರು ತೀರ ವಿರಳ. ೨೦೨೪ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಭಾರತದ ಮಹಿಳಾ ತಂಡದೊಡನೆ ಎಂಟರ ಘಟ್ಟದವರೆಗೆ ಹೋದ ಬೆಂಗಳೂರಿನ ಅರ್ಚನಾ ಕಾಮತ್ ಅವರದು ಹಸ್ತಲಾಘವದ ಹಿಡಿತ. ಮೈಸೂರಿನ ಕ್ಲಬ್ಬುಗಳಲ್ಲಿಯೂ ಕಾಲೇಜುಗಳಲ್ಲಿಯೂ ನಾನು ಕಂಡ ಹತ್ತರಲ್ಲಿ ಒಂಬತ್ತು ಮಂದಿ ಹಾಗೆಯೇ ಆಡುತ್ತಾರೆ. ಆದ್ದರಿಂದ ಅಂಗಡಿಗಳು ತರಿಸುವ ಸರಕೂ ಅವರಿಗೆ ತಕ್ಕದ್ದು. ಹೇಳಿಕೊಡುವವರ ಅನುಭವವೂ ಅವರದೇ. ಲೇಖನಿ ಹಿಡಿತದ ಹುಡುಗನೊಬ್ಬ ಸೋಲತೊಡಗಿದರೆ ಅವನಿಗೆ ದೊರೆಯುವ ಮೊದಲ ಸಲಹೆ "ಹಿಡಿತ ಬದಲಿಸು" ಎಂಬುದು.

ಇದಕ್ಕೆ ಕಣ್ಣಾರೆ ಕಂಡ ಒಂದು ನಿದರ್ಶನವನ್ನು ಕೊಡುತ್ತೇನೆ. ಕಳೆದ ವರ್ಷ ಪ್ರಥಮ ಬಿ.ಎ. ತರಗತಿಗೆ ನಂಜನಗೂಡಿನ ಕಡೆಯಿಂದ ಒಬ್ಬ ಹುಡುಗ ಬಂದು ಸೇರಿದ. ಊರಿನ ಶಾಲೆಯಲ್ಲಿ ಬೆಂಚುಗಳನ್ನು ಜೋಡಿಸಿ, ಪರೀಕ್ಷೆಗೆ ಒಯ್ಯುವ ರಟ್ಟನ್ನೇ ಬ್ಯಾಟು ಮಾಡಿಕೊಂಡು ಆಡಿ ಬೆಳೆದವನಾದ್ದರಿಂದ ಅವನಿಗೆ ಲೇಖನಿ ಹಿಡಿತವೇ ತಾನಾಗಿ ಕೈಗೆ ಬಂದಿತ್ತು. ಚೆಂಡಿನ ಮೇಲೆ ಅವನ ಕಣ್ಣು ಬಹಳ ಚುರುಕು. ರಜೆಯಲ್ಲಿ ದುಡಿದು ಕೂಡಿಟ್ಟ ಹಣದಿಂದ ನಗರದ ಅಂಗಡಿಯೊಂದರಲ್ಲಿ "ಇದೇ ಎಲ್ಲಕ್ಕಿಂತ ವೇಗದ್ದು" ಎಂದು ತೋರಿಸಿದ ಬ್ಯಾಟನ್ನು ಕೊಂಡು ತಂದ. ಮೂರೇ ವಾರಗಳಲ್ಲಿ ಮಣಿಕಟ್ಟು ನೋಯತೊಡಗಿತು. ಬ್ಯಾಕ್‌ಹ್ಯಾಂಡ್ ಕಡೆಗೆ ಬಂದ ಚೆಂಡುಗಳಿಗೆಲ್ಲ ಕೈ ತಡವಾಗಿ ಹೋಗುತ್ತಿತ್ತು. ತಿಳಿದವರೊಬ್ಬರು ಹಿಡಿತ ಬದಲಿಸಲು ಹೇಳಿದರು. ಅವನು ನನ್ನ ಬಳಿ ಬಂದು, "ಅಣ್ಣ, ನನ್ನ ಹಿಡಿತವೇ ಸರಿಯಿಲ್ಲವಂತೆ. ಆಟವನ್ನೇ ಬಿಟ್ಟುಬಿಡೋಣ ಅಂತ ಇದ್ದೀನಿ" ಎಂದ. "ಹಿಡಿತದ ಮಾತು ಆಮೇಲೆ ಆಡೋಣ ಕಣಪ್ಪ, ಮೊದಲು ಬ್ಯಾಟು ತೂಗೋಣ ಬಾ" ಎಂದು ಕರೆದುಕೊಂಡು ಹೊರಟೆ. ನಮ್ಮದು ಕಲಾ ಕಾಲೇಜು. ಸೂಕ್ಷ್ಮವಾದ ತಕ್ಕಡಿ ನಮ್ಮಲ್ಲಿ ಎಲ್ಲಿಂದ ಬರಬೇಕು? ಪರಿಚಯದ ಬೆಳ್ಳಿ ಅಂಗಡಿಯಲ್ಲಿ ತೂಗಿಸಿದೆವು. ೧೯೫ ಗ್ರಾಂ ಬಂತು.

ಈ ಅಂಕಿಯ ಅರ್ಥವೇನೆಂಬುದನ್ನು ಹೇಳುವುದಕ್ಕೆ ಮುಂಚೆ, ಈ ಹಿಡಿತ ಬಿಡಬೇಕಾದಂಥದೇ ಅಲ್ಲವೇ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗಿದೆ. ಟೇಬಲ್ ಟೆನ್ನಿಸಿನ ವಿಶ್ವ ಸ್ಪರ್ಧೆ ಏಷ್ಯಾ ಖಂಡದಲ್ಲಿ ಮೊಟ್ಟಮೊದಲು ನಡೆದದ್ದು ೧೯೫೨ರಲ್ಲಿ, ನಮ್ಮ ಮುಂಬಯಿಯಲ್ಲಿ. ಅಲ್ಲಿ ಜಪಾನಿನ ಹಿರೋಜಿ ಸಾಟೊ ದಪ್ಪ ಸ್ಪಂಜು ಅಂಟಿಸಿದ ಬ್ಯಾಟಿನಿಂದ ಗೆದ್ದು ಜಗತ್ತನ್ನು ಬೆರಗುಗೊಳಿಸಿದ. ಅಲ್ಲಿಂದ ಮುಂದೆ ಯೂರೋಪಿನ ಕೈಯಲ್ಲಿದ್ದ ಆಟ ಏಷ್ಯಾದ ಕೈಗೆ ಬಂತು. ೧೯೫೪ ಮತ್ತು ೧೯೫೬ರಲ್ಲಿ ವಿಶ್ವವಿಜೇತನಾದ ಜಪಾನಿನ ಇಚಿರೊ ಒಗಿಮುರಾ, ೧೯೬೧, ೧೯೬೩, ೧೯೬೫ ಹೀಗೆ ಮೂರು ಸಲ ಬಿಡದೆ ಗೆದ್ದ ಚೀನಾದ ಝುವಾಂಗ್ ಝೆಡಾಂಗ್, ೧೯೮೩ ಮತ್ತು ೧೯೮೫ರಲ್ಲಿ ಮಹಿಳೆಯರ ಪ್ರಶಸ್ತಿ ಪಡೆದ ಸಾವೊ ಯಾನ್‌ಹುವಾ, ಇವರೆಲ್ಲರೂ ಲೇಖನಿ ಹಿಡಿತದವರು. ಒಲಿಂಪಿಕ್ಸಿನ ಪುರುಷರ ಚಿನ್ನವನ್ನು ೧೯೯೬ರಲ್ಲಿ ಲಿಯು ಗುವೊಲಿಯಾಂಗ್, ೨೦೦೪ರಲ್ಲಿ ದಕ್ಷಿಣ ಕೊರಿಯಾದ ರಿಯು ಸ್ಯುಂಗ್ ಮಿನ್, ೨೦೦೮ರಲ್ಲಿ ಮಾ ಲಿನ್ ಪಡೆದದ್ದೂ ಇದೇ ಹಿಡಿತದಿಂದ. ಹಳೆಯ ಕಾಲದ ಮಾತಾಯಿತೆನ್ನುವವರಿಗೆ ೨೦೨೪ರ ಪ್ಯಾರಿಸ್ ಉತ್ತರ ಕೊಟ್ಟಿದೆ: ೧೭ ವರ್ಷದ ಫ್ರೆಂಚ್ ಹುಡುಗ ಫೆಲಿಕ್ಸ್ ಲೆಬ್ರನ್ ಲೇಖನಿ ಹಿಡಿತದಿಂದಾಡಿ ಕಂಚಿನ ಪದಕ ಗೆದ್ದ. ಆದ್ದರಿಂದ ದೋಷವನ್ನು ಹಿಡಿತದ ಮೇಲೆ ಹೊರಿಸುವ ಮುನ್ನ ಕೈಯಲ್ಲಿರುವ ಹಲಗೆಯನ್ನು ಪರೀಕ್ಷಿಸುವುದು ನ್ಯಾಯ.

ತೂಕದ ಮಾತು

ಹಸ್ತಲಾಘವದ ಹಿಡಿತದಲ್ಲಿ ಬ್ಯಾಟಿನ ಭಾರವನ್ನು ಇಡೀ ಅಂಗೈ ಹೊರುತ್ತದೆ. ಸುಮಾರು ೧೦ ಸೆಂಟಿಮೀಟರ್ ಉದ್ದದ ಹಿಡಿ ಮುಷ್ಟಿಯೊಳಗೆ ಕುಳಿತು, ಮುಂದಿನ ಹಲಗೆಯ ಭಾರಕ್ಕೆ ಹಿಂದಿನಿಂದ ಸ್ವಲ್ಪ ಸರಿತೂಕ ಕೊಡುತ್ತದೆ. ಲೇಖನಿ ಹಿಡಿತದಲ್ಲಿ ಬ್ಯಾಟು ಎರಡು ಬೆರಳುಗಳ ಸಂದಿಯಲ್ಲಿ ತೂಗಿಕೊಂಡಿರುತ್ತದೆ. ಹಿಡಿ ಗಿಡ್ಡ, ಅದರ ಸರಿತೂಕವೂ ಕಡಿಮೆ. ಹಲಗೆಯ ಭಾರವನ್ನೆಲ್ಲ ಬೆನ್ನಿಗೆ ಕೊಟ್ಟ ನಡುಬೆರಳು ಮತ್ತು ಮಣಿಕಟ್ಟುಗಳು ತಡೆಯಬೇಕು. ತುಂಬಿದ ಸೌಟನ್ನು ಮುಷ್ಟಿಯಲ್ಲಿ ಹಿಡಿಯುವುದಕ್ಕೂ ಎರಡು ಬೆರಳಿನಲ್ಲಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ಇದು. ಒಂದು ಸಲ ಹಿಡಿದರೆ ದೊಡ್ಡದಲ್ಲ. ಒಂದು ಸಂಜೆಯಲ್ಲಿ ಸಾವಿರ ಸಲ ಬೀಸಿದಾಗ ಗೊತ್ತಾಗುತ್ತದೆ.

ಈಗ ಲೆಕ್ಕ ಹಾಕೋಣ. ಸಾಮಾನ್ಯವಾಗಿ ಲೇಖನಿ ಬ್ಲೇಡು ೮೦ರಿಂದ ೯೦ ಗ್ರಾಂ ತೂಗುತ್ತದೆ. ಅದರ ಆಕಾರಕ್ಕೆ ಕತ್ತರಿಸಿದ ಒಂದು ರಬ್ಬರು, ಸ್ಪಂಜಿನ ದಪ್ಪವನ್ನು ಅನುಸರಿಸಿ, ಸುಮಾರು ೪೦ರಿಂದ ೫೦ ಗ್ರಾಂ. ೮೫ ಗ್ರಾಂ ಬ್ಲೇಡಿಗೆ ಒಂದೇ ಬದಿ ೪೫ ಗ್ರಾಂ ರಬ್ಬರು ಹಾಕಿದರೆ ೧೩೦ ಗ್ರಾಂ. ಬೆನ್ನಿಗೂ ಅಷ್ಟೇ ತೂಕದ ರಬ್ಬರು ಹಾಕಿದರೆ ೧೭೫ ಗ್ರಾಂ. ತಕ್ಕಡಿಯಲ್ಲಿ ಇದು ಮೂರನೆಯ ಒಂದು ಪಾಲು ಹೆಚ್ಚಿದಂತೆ ಕಾಣುತ್ತದೆ. ಆದರೆ ರಬ್ಬರಿನ ಭಾರವೆಲ್ಲ ಬೆರಳುಗಳಿಂದ ಮುಂದಕ್ಕೆ, ಹಲಗೆಯ ಮೇಲೆ ಬೀಳುವುದರಿಂದ ಮಣಿಕಟ್ಟಿಗೆ ತಗಲುವ ಹೊರೆ ಅದಕ್ಕಿಂತಲೂ ಹೆಚ್ಚು. ನಮ್ಮ ಹುಡುಗನ ಕೈಯಲ್ಲಿದ್ದದ್ದು ೯೫ ಗ್ರಾಂಗೂ ಮಿಗಿಲಾದ ಬ್ಲೇಡು, ಎರಡೂ ಬದಿಗೆ ಅತಿ ದಪ್ಪ ರಬ್ಬರು. ಅವನಿಗಿಂತ ಬಲಿಷ್ಠರಿಗೂ ಅದು ಹೆಚ್ಚೇ.

ಆದುದರಿಂದ ನನ್ನ ಮೊದಲನೆಯ ಸೂತ್ರ: ಲೇಖನಿ ಹಿಡಿತದವರು ಬ್ಲೇಡಿನ ಹೆಸರನ್ನು ಕೇಳುವ ಮುಂಚೆ ತೂಕವನ್ನು ಕೇಳಬೇಕು. ಎರಡು ಬದಿಗೂ ರಬ್ಬರು ಹಾಕುವವರಾದರೆ ೮೫ ಗ್ರಾಂ ಮೀರದಂತೆ ನೋಡಿಕೊಳ್ಳುವುದು ಕ್ಷೇಮ. ಒಂದೇ ಬದಿಯಾದರೆ ೯೦, ೯೫ ಗ್ರಾಂವರೆಗೂ ಹೋಗಬಹುದು. ಒಂದೇ ಹೆಸರಿನ ಎರಡು ಬ್ಲೇಡುಗಳಲ್ಲಿಯೇ ಐದಾರು ಗ್ರಾಂ ಅಂತರವಿರುವುದುಂಟು, ಮರ ತಾನೆ! ಎರಡು ಮೂರನ್ನು ತೆಗೆಸಿ ತೂಗಿಸಿ ನೋಡಲು ಸಂಕೋಚ ಪಡಬಾರದು.

ಎರಡು ಮನೆತನಗಳು

ಲೇಖನಿ ಬ್ಲೇಡುಗಳಲ್ಲಿ ಜಪಾನೀ ಮತ್ತು ಚೀನೀ ಎಂದು ಎರಡು ಮನೆತನಗಳಿವೆ. ಕೊರಿಯಾದವರು ಬಹುಕಾಲ ಜಪಾನೀ ಮನೆತನಕ್ಕೇ ಸೇರಿದ್ದರು.

ಜಪಾನೀ ಬ್ಲೇಡು ನೋಡಲು ಉದ್ದನೆಯದು; ಬಹುಮಟ್ಟಿಗೆ ಮೂಲೆ ಗುಂಡಾದ ಆಯತ. ಹಿಡಿಯ ಮೇಲೆ ಬೆಂಡಿನ ಒಂದು ಉಬ್ಬು ಇರುತ್ತದೆ. ತೋರುಬೆರಳು ಅದನ್ನು ಕೊಂಡಿಯಂತೆ ಬಳಸಿಕೊಳ್ಳುತ್ತದೆ. ಹಿಂದಿನ ಬೆರಳುಗಳು ಹೆಚ್ಚುಕಡಿಮೆ ನೀಳವಾಗಿ ಚಾಚಿರುತ್ತವೆ. ಆಕಾರ ಉದ್ದವಾದ್ದರಿಂದ ಭಾರ ತುದಿಯಲ್ಲಿ ನಿಲ್ಲುತ್ತದೆ. ಬೀಸಿದಾಗ ಕೊಡಲಿಯಂತೆ ತಾನೇ ಮುಂದಕ್ಕೆಳೆದು ಫೋರ್‌ಹ್ಯಾಂಡ್ ಹೊಡೆತಕ್ಕೆ ವಿಪರೀತ ಬಲ ಕೊಡುತ್ತದೆ. ರಬ್ಬರು ಸಾಮಾನ್ಯವಾಗಿ ಒಂದೇ ಬದಿಗೆ. ಎಡಕ್ಕೆ ಬಂದ ಚೆಂಡನ್ನೂ ಆಟಗಾರ ಓಡಿ ಸುತ್ತಿಬಂದು ಫೋರ್‌ಹ್ಯಾಂಡಿನಿಂದಲೇ ಹೊಡೆಯುತ್ತಾನೆ. ಓಡಲಾಗದಾಗ ಅದೇ ಮುಖದಿಂದ ತಳ್ಳಿ ತಡೆಯುತ್ತಾನೆ. ಇದಕ್ಕೆ ಕುದುರೆಯ ಕಾಲು ಬೇಕು.

ಚೀನೀ ಬ್ಲೇಡಿನ ಮುಖ ಗುಂಡು; ಸುಮಾರು ೧೬ ಸೆಂಟಿಮೀಟರ್ ಉದ್ದ, ೧೫ ಸೆಂಟಿಮೀಟರ್ ಅಗಲ. ದೂರದಿಂದ ನೋಡಿದರೆ ಹಸ್ತಲಾಘವದ ಬ್ಲೇಡಿನ ಹಿಡಿಯನ್ನು ಗಿಡ್ಡ ಮಾಡಿದಂತೆ ಕಾಣುತ್ತದೆ. ಉಬ್ಬು ಇಲ್ಲ. ಹಿಂದಿನ ಬೆರಳುಗಳನ್ನು ಮಡಿಸಿ ಒತ್ತಿಗೆ ಕೊಡುತ್ತಾರೆ. ಭಾರ ಕೈಗೆ ಹತ್ತಿರವಿರುವುದರಿಂದ ಮಣಿಕಟ್ಟು ಎರಡು ಕಡೆಗೂ ಬೇಗ ತಿರುಗುತ್ತದೆ.

ಇವೆರಡರ ನಡುವಣ ಆಯ್ಕೆಯನ್ನು ತೀರ್ಮಾನಿಸುವುದು ಬ್ಯಾಕ್‌ಹ್ಯಾಂಡ್. ಈ ಮಾತನ್ನು ನಾನು ಒತ್ತಿ ಹೇಳಬಯಸುತ್ತೇನೆ. ಹಿಂದೆ ಲೇಖನಿ ಹಿಡಿತದವರು ಎರಡೂ ಕಡೆಯ ಚೆಂಡನ್ನು ಒಂದೇ ಮುಖದಿಂದ ಆಡುತ್ತಿದ್ದರು. ೧೯೯೦ರ ದಶಕದಲ್ಲಿ ಚೀನಾದ ಆಟಗಾರರು ಹಲಗೆಯ ಬೆನ್ನಿಗೂ ರಬ್ಬರು ಅಂಟಿಸಿ, ಬ್ಯಾಕ್‌ಹ್ಯಾಂಡಿಗೆ ಆ ಬೆನ್ನಿನಿಂದಲೇ ಹೊಡೆಯುವ ವರಸೆಯನ್ನು ಬೆಳೆಸಿದರು. ಲಿಯು ಗುವೊಲಿಯಾಂಗ್ ಅದನ್ನು ದೊಡ್ಡ ಪಂದ್ಯಗಳಲ್ಲಿ ಬಳಸಿ ತೋರಿಸಿದ. ವಾಂಗ್ ಹಾವೊ ಅದನ್ನೇ ತನ್ನ ಮುಖ್ಯ ಆಯುಧ ಮಾಡಿಕೊಂಡ. ೨೦೦೪ರ ಅಥೆನ್ಸ್ ಒಲಿಂಪಿಕ್ಸಿನ ಅಂತಿಮ ಪಂದ್ಯ ಈ ಎರಡು ಮನೆತನಗಳ ಮುಖಾಮುಖಿಯಾಗಿತ್ತು. ಒಂದು ಕಡೆ ಬೆನ್ನಿನ ಹೊಡೆತದ ವಾಂಗ್ ಹಾವೊ. ಇನ್ನೊಂದು ಕಡೆ ಹಳೆಯ ಕ್ರಮದಂತೆ ಒಂದೇ ಮುಖದಿಂದ, ಮೇಜಿನ ಮೂಲೆಯಿಂದ ಮೂಲೆಗೆ ಓಡುತ್ತ ಆಡಿದ ರಿಯು ಸ್ಯುಂಗ್ ಮಿನ್. ಅಂದು ನಾಲ್ಕಕ್ಕೆ ಎರಡು ಆಟಗಳಿಂದ ಗೆದ್ದವನು ರಿಯು. ಆದರೂ ಅಲ್ಲಿಂದೀಚೆಗೆ ಹಳೆಯ ಕ್ರಮದವರು ಕಡಿಮೆಯಾಗುತ್ತ ಬಂದರು. ಲೆಬ್ರನ್ ಆಡುವುದೂ ಬೆನ್ನಿನ ಹೊಡೆತವನ್ನೇ.

ಕಾರಣ ಸ್ಪಷ್ಟ. ಎರಡು ಮುಖದವನು ನಿಂತಲ್ಲಿಂದ ತಿರುಗಿಸಿ ಹೊಡೆಯುವ ಚೆಂಡಿಗೆ ಒಂದು ಮುಖದವನು ಎರಡು ಹೆಜ್ಜೆ ಓಡಬೇಕು. ೨೦೦೦ದಲ್ಲಿ ಚೆಂಡಿನ ವ್ಯಾಸವನ್ನು ೩೮ ಮಿಲಿಮೀಟರಿನಿಂದ ೪೦ಕ್ಕೆ ಏರಿಸಿದ ಮೇಲೆ ಚೆಂಡು ಹೆಚ್ಚು ಸಲ ಹಿಂದಿರುಗಿ ಬರುತ್ತದೆ; ಓಟವೂ ಹೆಚ್ಚಿತು. ತರಗತಿ ಮುಗಿಸಿ ಸಂಜೆ ಒಂದೆರಡು ಗಂಟೆ ಆಡುವ ನಮ್ಮಂಥವರಿಗೆ ಕೊರಿಯಾದವರ ಕಾಲು ಎಲ್ಲಿಂದ ಬರಬೇಕು? ಹೊಸದಾಗಿ ಕಲಿಯುವವರಿಗೆ ಚೀನೀ ಬ್ಲೇಡೇ ಮೇಲೆಂದು ನನ್ನ ಅಭಿಪ್ರಾಯ. ಹಳೆಯ ಕ್ರಮದಲ್ಲಿ ಕೈ ಪಳಗಿದವರೂ, ಕಾಲಿನಲ್ಲಿ ಬಲವುಳ್ಳವರೂ ಜಪಾನೀ ಬ್ಲೇಡನ್ನು ಬಿಡಬೇಕಾಗಿಲ್ಲ. ಅದರ ಫೋರ್‌ಹ್ಯಾಂಡಿನ ಸುಖವೇ ಬೇರೆ.

ಇಲ್ಲಿ ತೂಕದ ಸೂತ್ರವನ್ನು ಮರೆಯಬಾರದು. ಬೆನ್ನಿನ ರಬ್ಬರು ಬಂದ ಕೂಡಲೇ ಭಾರವೂ ಬಂತು. ಅದಕ್ಕೆ ಉಪಾಯ, ಮುಂಬದಿಗೆ ೨ ಮಿಲಿಮೀಟರ್ ಸ್ಪಂಜಿನ ರಬ್ಬರು ಹಾಕಿ ಬೆನ್ನಿಗೆ ಒಂದೂವರೆ ಮಿಲಿಮೀಟರಿನ ಹಗುರವಾದ ರಬ್ಬರು ಹಾಕುವುದು. ನಮ್ಮ ಹುಡುಗನಿಗೂ ಹೀಗೆಯೇ ಮಾಡಿದೆವು. ಗೆಳೆಯರೊಬ್ಬರು ಬಳಸದೆ ಇಟ್ಟಿದ್ದ ೮೧ ಗ್ರಾಂ ತೂಕದ ಐದು ಪದರದ ಚೀನೀ ಬ್ಲೇಡು ದೊರೆಯಿತು. ರಬ್ಬರುಗಳೊಡನೆ ಒಟ್ಟು ೧೬೫ ಗ್ರಾಂ. ಎರಡು ವಾರ ಕೈಗೆ ವಿಶ್ರಾಂತಿ ಕೊಟ್ಟು ಆಟಕ್ಕಿಳಿದ. ನೋವು ಮರುಕಳಿಸಲಿಲ್ಲ. ಈ ವರ್ಷದ ಆಯ್ಕೆಯಲ್ಲಿ ಅವನು ತಂಡದ ನಾಲ್ಕನೆಯವನಾಗಿ ಬಂದಿದ್ದಾನೆ, ಹಿಡಿತ ಹಳೆಯದೇ.

ಮರದ ಮಾತು

ಮೈಸೂರಿನವರಿಗೆ ಮರದ ವಿಷಯ ಹೊಸದಲ್ಲ. ಅಂಬಾವಿಲಾಸ ಅರಮನೆಯಲ್ಲಿ ಬೀಟೆ ಮರದ ಬಾಗಿಲಿನ ಮೇಲೆ ದಂತ ಕೂರಿಸಿದ ಕುಸುರಿಯನ್ನು ನಾವೆಲ್ಲರೂ ನೋಡಿದ್ದೇವೆ. ದಂತದ ಕಾಲ ಹೋಗಿದೆ. ಬೀಟೆಯಲ್ಲಿ ಬೇರೆ ಬೇರೆ ಬಣ್ಣದ ಮರದ ತುಣುಕುಗಳನ್ನು ಕೂರಿಸುವ ಕಲೆ ಇಂದಿಗೂ ನಮ್ಮ ಊರಿನ ಹೆಮ್ಮೆ. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಬೀಟೆಯ ಜಾತಿಯ ಮರ ಬ್ಲೇಡುಗಳಲ್ಲಿಯೂ ಉಂಟು. ಆದರೆ ಇಡೀ ಹಲಗೆಯನ್ನು ಅದರಿಂದ ಮಾಡಿದರೆ ಎತ್ತಲಾಗದಷ್ಟು ಭಾರವಾದೀತು. ಒಣಗಿದ ಬೀಟೆಯ ಸಾಂದ್ರತೆ ಜಪಾನಿನ ಹಿನೋಕಿ ಮರದ ಸುಮಾರು ಎರಡರಷ್ಟು. ಆದ್ದರಿಂದ ತೆಳುವಾದ ಹಾಳೆಯಾಗಿ ಸೀಳಿ ಹೊರ ಪದರಕ್ಕೆ ಮಾತ್ರ ಬಳಸುತ್ತಾರೆ. ಗಟ್ಟಿ ಮರ ಹೊರಗಿದ್ದರೆ ಚೆಂಡು ಬೇಗ ಪುಟಿಯುತ್ತದೆ; ಹೊಡೆತದ ಸದ್ದು ಖಣಿಲೆನ್ನುತ್ತದೆ.

ಹಿನೋಕಿ ಎಂಬುದು ಜಪಾನಿನ ಒಂದು ಬಗೆಯ ಸೈಪ್ರೆಸ್ ಮರ. ಹಗುರ, ನೇರವಾದ ಎಳೆ, ಮೂಗಿಗೆ ಹಿತವಾದ ಪರಿಮಳ. ಅಲ್ಲಿನ ಹೊರ್ಯೂಜಿ ದೇವಾಲಯದಲ್ಲಿ ಈ ಮರದ ಕಂಬಗಳು ೧೩೦೦ ವರ್ಷಗಳಿಂದ ನಿಂತಿವೆ. ಇಪ್ಪತ್ತು ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುವ ಇಸೆ ದೇವಾಲಯಕ್ಕೂ ಇದೇ ಮರ. ನಮಗೆ ಗಂಧ ಹೇಗೋ ಅವರಿಗೆ ಹಿನೋಕಿ ಹಾಗೆ ಎಂದರೆ ತಪ್ಪಾಗಲಾರದು. ಉತ್ತಮ ಜಪಾನೀ ಬ್ಲೇಡನ್ನು ಈ ಮರದ ಒಂದೇ ಹಲಗೆಯಿಂದ ಕಡೆಯುತ್ತಾರೆ. ದಪ್ಪ ೯ರಿಂದ ೧೦ ಮಿಲಿಮೀಟರ್. ದಪ್ಪವಾಗಿದ್ದರೂ ಮೃದುವಾದ್ದರಿಂದ ಚೆಂಡು ಹಲಗೆಯೊಳಗೆ ಒಂದು ಕ್ಷಣ ಮುಳುಗಿ ಹೊರಟಂತೆ ಕೈಗೆ ತಿಳಿಯುತ್ತದೆ. ಒಂದೇ ಹಲಗೆಯಾದ್ದರಿಂದ ಎಳೆಯ ಗುಂಟ ಸೀಳುವ ಭಯವೂ ಉಂಟು. ಮೇಜಿನ ಅಂಚಿಗೆ ಒಮ್ಮೆ ಬಡಿದರೆ ಮುಗಿಯಿತು. ಬೆಲೆಯೂ ವಿದ್ಯಾರ್ಥಿಯ ಜೇಬಿಗೆ ನಿಲುಕುವಂಥದಲ್ಲ.

ಚೀನೀ ಬ್ಲೇಡು ಪದರಗಳದ್ದು. ಐದು ಅಥವಾ ಏಳು ತೆಳು ಮರದ ಹಾಳೆಗಳನ್ನು, ಒಂದರ ಎಳೆ ಉದ್ದಕ್ಕೂ ಇನ್ನೊಂದರ ಎಳೆ ಅಡ್ಡಕ್ಕೂ ಬರುವಂತೆ ಅಂಟಿಸಿ ಮಾಡುತ್ತಾರೆ. ನಡುವಿನ ತಿರುಳಿಗೆ ಆಫ್ರಿಕಾದ ಅಯೂಸ್ ಎಂಬ ಹಗುರ ಮರ ಹೆಚ್ಚಾಗಿ ಬಳಕೆಯಲ್ಲಿದೆ. ಒಟ್ಟು ದಪ್ಪ ಸುಮಾರು ೬ ಮಿಲಿಮೀಟರ್. ಅಡ್ಡ ಪದರ ಇರುವುದರಿಂದ ಸೀಳುವುದಿಲ್ಲ. ತೇವಕ್ಕೆ ಬೇಗ ಸೊಟ್ಟಗಾಗುವುದೂ ಇಲ್ಲ. ಐದು ಪದರದ್ದು ಕೊಂಚ ಬಾಗುತ್ತದೆ, ಚೆಂಡನ್ನು ಹೆಚ್ಚು ಹೊತ್ತು ಹಿಡಿಯುತ್ತದೆ, ಸ್ಪಿನ್ ಕೊಡಲು ಅನುಕೂಲ. ಏಳು ಪದರದ್ದು ಬಿಗಿ. ಹೊಡೆತ ನೇರ, ವೇಗ ಹೆಚ್ಚು, ಜೊತೆಗೆ ತುಸು ಭಾರ. ಪದರಗಳ ನಡುವೆ ಕಾರ್ಬನ್ ನೂಲಿನ ಬಟ್ಟೆ ಸೇರಿಸಿದವು ಇನ್ನೂ ವೇಗದವು.

ವೇಗದ ಮಾತನ್ನು ನಾನು ಕೊನೆಗಿಟ್ಟಿರುವುದು ಬೇಕೆಂದೇ. ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವುದೇ ಅದು. ಮೇಜಿನ ಉದ್ದವಾದರೋ ೨.೭೪ ಮೀಟರ್ ಮಾತ್ರ. ಚೆಂಡಿನ ತೂಕ ೨.೭ ಗ್ರಾಂ. ಅಷ್ಟು ಹಗುರದ ಚೆಂಡನ್ನು ಅಷ್ಟು ದೂರಕ್ಕೆ ವೇಗವಾಗಿ ಕಳಿಸಲು ಸಾಧಾರಣ ಐದು ಪದರದ ಬ್ಲೇಡಿಗೂ ಶಕ್ತಿ ಧಾರಾಳವಾಗಿದೆ. ಕಷ್ಟವಿರುವುದು ಅದನ್ನು ಮೇಜಿನೊಳಗೆ ಬೀಳಿಸುವುದರಲ್ಲಿ. ಬೆನ್ನಿನ ಹೊಡೆತವನ್ನು ಕಲಿಯುವವನ ಮಣಿಕಟ್ಟು ಮೊದಲ ವರ್ಷ ಒಂದೇ ತೆರನಾಗಿ ತಿರುಗುವುದಿಲ್ಲ. ಬಹು ವೇಗದ ಬ್ಲೇಡು ಆ ಸಣ್ಣ ತಪ್ಪನ್ನು ದೊಡ್ಡದು ಮಾಡಿ ಚೆಂಡನ್ನು ಗೋಡೆಗೆ ಕಳಿಸುತ್ತದೆ. ಆದ್ದರಿಂದ ಐದು ಪದರದ ಮರದ ಬ್ಲೇಡಿನಿಂದ ಪ್ರಾರಂಭಿಸಿ, ಎರಡು ವರ್ಷ ಆಡಿ, ಬಳಿಕ ಬೇಕೆನಿಸಿದರೆ ಏಳು ಪದರಕ್ಕೋ ಕಾರ್ಬನ್ನಿಗೋ ಹೋಗುವುದು ವಿಹಿತ.

ಅಂಗಡಿಯಲ್ಲಿ

ಕ್ರೀಡಾ ಸಾಮಗ್ರಿಗೆ ಉತ್ತರದ ಮೀರತ್, ಜಲಂಧರ್ ನಗರಗಳು ಪ್ರಸಿದ್ಧ. ನಮ್ಮ ಊರಿಗೆ ಬರುವ ಸಿದ್ಧ ಬ್ಯಾಟುಗಳು ಬಹುಪಾಲು ಹಸ್ತಲಾಘವದವರಿಗೆ. ಲೇಖನಿ ಬ್ಲೇಡನ್ನು ಕೇಳಿ ತರಿಸಬೇಕು. ತಂದು ತೋರಿಸಿದಾಗ ನೋಡಬೇಕಾದದ್ದು ಇಷ್ಟು.

ಮೊದಲು ಕಣ್ಣಿನಿಂದ ನೋಡಬೇಕು. ಹೊರ ಪದರದ ಎಳೆಗಳು ಹಿಡಿಯಿಂದ ತುದಿಗೆ ನೇರವಾಗಿ ಓಡಬೇಕು. ಗಂಟು, ಬಿರುಕು ಇರಬಾರದು. ಬ್ಲೇಡನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಅಂಚಿನ ಗುಂಟ ನೋಡಿದರೆ ಸೊಟ್ಟ ಇದೆಯೇ ಇಲ್ಲವೇ ತಿಳಿಯುತ್ತದೆ. ಎರಡನೆಯದು ಕಿವಿ. ವೀಣೆ ಮಾಡುವವರು ಹಲಸಿನ ಮರವನ್ನು ತಟ್ಟಿ ನೋಡುವಂತೆ, ಹಲಗೆಯ ನಡುವೆ ಬೆರಳ ಗೆಣ್ಣಿನಿಂದ ತಟ್ಟಬೇಕು. ಎಲ್ಲೆಡೆಯೂ ಒಂದೇ ನಾದ ಬಂದರೆ ಪದರಗಳು ಚೆನ್ನಾಗಿ ಅಂಟಿವೆ. ಒಂದು ಕಡೆ ಬೊಳ್ಳೆನ್ನುವ ಸದ್ದು ಬಂದರೆ ಒಳಗೆ ಅಂಟು ಬಿಟ್ಟಿದೆಯೆಂದು ಅನುಮಾನಿಸಬೇಕು. ಸ್ವರ ಏರಿದಷ್ಟೂ ಹಲಗೆ ಬಿಗಿಯಾಗಿರುವುದು ಸಾಮಾನ್ಯ.

ಮೂರನೆಯದೇ ಮುಖ್ಯವಾದದ್ದು, ಕೈ. ಬ್ಲೇಡನ್ನು ಹಿಡಿದು ಐದು ನಿಮಿಷ ಬೀಸಿ ನೋಡಬೇಕು. ಹಿಡಿ ಸೇರುವ ಕಡೆ ಹಲಗೆಯ ಎರಡು ಹೆಗಲುಗಳಿರುತ್ತವೆ. ಒಂದರ ಮೇಲೆ ಹೆಬ್ಬೆರಳು, ಇನ್ನೊಂದರ ಮೇಲೆ ತೋರುಬೆರಳು ಕೂರುತ್ತದೆ. ಹಸ್ತಲಾಘವದವರಿಗೆ ಅಷ್ಟು ಮಹತ್ವವಿಲ್ಲದ ಈ ಎರಡು ಅಂಗುಲ ಜಾಗ ನಮಗೆ ಸರ್ವಸ್ವ. ಹೆಗಲು ಬಹಳ ಅಗಲವಾದರೆ ಬೆರಳು ಸುತ್ತಿ ಬರುವುದಿಲ್ಲ. ಮೊನಚಾಗಿದ್ದರೆ ಒಂದೇ ಸಂಜೆಗೆ ಗುಳ್ಳೆಯೇಳುತ್ತದೆ. ಸಣ್ಣ ಕೈಯವರು, ವಿಶೇಷವಾಗಿ ನಮ್ಮ ಸಹೋದರಿಯರು, ಕತ್ತು ಕಿರಿದಾದುದನ್ನೇ ಆರಿಸಬೇಕು.

ಹೊಸ ಬ್ಲೇಡು ಯಾರ ಕೈಗೂ ಮೊದಲ ದಿನವೇ ಸರಿಯಾಗಿ ಕೂರುವುದಿಲ್ಲ. ಅದಕ್ಕೆ ಉಪ್ಪುಕಾಗದವೇ ಮದ್ದು. ಮೊದಲು ಸ್ವಲ್ಪ ಒರಟಾದುದರಿಂದ, ಬಳಿಕ ನಯವಾದುದರಿಂದ, ಬೆರಳು ಕೂರುವ ಅಂಚನ್ನು ಮಾತ್ರ ಉಜ್ಜಿ ಗುಂಡು ಮಾಡಬೇಕು. ಹತ್ತು ಸಲ ಉಜ್ಜಿ ಒಂದು ಸಲ ಹಿಡಿದು ನೋಡಬೇಕು. ಕಳೆದ ಮರ ಮತ್ತೆ ಬರುವುದಿಲ್ಲ. ರಬ್ಬರು ಅಂಟಿಸುವ ಮುಂಚೆಯೇ ಈ ಕೆಲಸ ಮುಗಿಯಬೇಕು. ಬೆರಳಿಗೆ ಎಡೆ ಬಿಟ್ಟು ರಬ್ಬರನ್ನು ಒಂದಿಷ್ಟು ಮೇಲಕ್ಕೆ ಅಂಟಿಸಬೇಕೆಂಬುದನ್ನೂ ನೆನಪಿಡಬೇಕು.

ಲೇಖನಿ ಬ್ಲೇಡು ಸಿಗದಾಗ ಹಸ್ತಲಾಘವದ ಬ್ಲೇಡಿನ ಹಿಡಿಯನ್ನು ಬಡಗಿಯಿಂದ ಕೊಯ್ಯಿಸಿ ಬಳಸಬಹುದೇ ಎಂದು ಕೆಲವರು ಕೇಳುತ್ತಾರೆ. ಬಳಸಬಹುದು, ಹಳೆಯ ಬ್ಲೇಡಿದ್ದರೆ ಖರ್ಚಿಲ್ಲದೆ ಹಿಡಿತವನ್ನು ಪರೀಕ್ಷಿಸಲು ಒಳ್ಳೆಯ ದಾರಿ. ಹಿಡಿಯನ್ನು ೮ ಸೆಂಟಿಮೀಟರಿಗೆ ಇಳಿಸಿ ಹೆಗಲನ್ನು ಉಜ್ಜಿದರಾಯಿತು. ಆದರೆ ಅದರ ಹಿಡಿ ದಪ್ಪವಾಗಿದ್ದು ಹೆಬ್ಬೆರಳ ಸಂದಿಯಲ್ಲಿ ಒತ್ತುತ್ತದೆ. ಕೊಯ್ದಷ್ಟೂ ಭಾರ ಮುಂದಕ್ಕೆ ಸರಿಯುತ್ತದೆ. ಹಣ ಕೊಟ್ಟು ಹೊಸದನ್ನು ತಂದು ಕೊಯ್ಯಿಸುವುದು ಜಾಣತನವಲ್ಲ.

ನಿಯಮದ ವಿಷಯವನ್ನೂ ಅರಿತಿರಬೇಕು. ಬ್ಯಾಟಿನ ಗಾತ್ರ, ಆಕಾರ, ತೂಕಗಳಿಗೆ ಮಿತಿಯಿಲ್ಲ. ಹಲಗೆ ಸಪಾಟಾಗಿ ಗಡುಸಾಗಿರಬೇಕು, ದಪ್ಪದಲ್ಲಿ ನೂರಕ್ಕೆ ೮೫ ಪಾಲಾದರೂ ಸಹಜ ಮರವಾಗಿರಬೇಕು. ಸಾಟೊ ಬಳಸಿದಂಥ ಬರಿಯ ಸ್ಪಂಜಿಗೆ ೧೯೫೯ರಿಂದ ಅವಕಾಶವಿಲ್ಲ; ಸ್ಪಂಜು ರಬ್ಬರು ಸೇರಿ ೪ ಮಿಲಿಮೀಟರ್ ಮೀರಕೂಡದು. ಒಂದೇ ಬದಿಗೆ ರಬ್ಬರು ಹಾಕಿದವರು ವಿಶೇಷವಾಗಿ ಗಮನಿಸಬೇಕಾದದ್ದೊಂದಿದೆ. ಬ್ಯಾಟಿನ ಒಂದು ಬದಿ ಕಪ್ಪು, ಇನ್ನೊಂದು ಬದಿ ಕೆಂಪಿನಂಥ ಉಜ್ವಲ ಬಣ್ಣವಿರಬೇಕೆಂಬ ನಿಯಮ ಬರಿಯ ಮರಕ್ಕೂ ಅನ್ವಯಿಸುತ್ತದೆ. ಕೆಂಪು ರಬ್ಬರು ಹಾಕಿದರೆ ಬೆನ್ನಿಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿಯಬೇಕು. ಆ ಬರಿಯ ಬೆನ್ನಿನಿಂದ ಚೆಂಡನ್ನು ಹೊಡೆದರೆ ಅಂಕ ಎದುರಾಳಿಗೆ. ಅಂತರ ಕಾಲೇಜು ಪಂದ್ಯದ ದಿನ ತೀರ್ಪುಗಾರರು ಬ್ಯಾಟು ಕೇಳಿದಾಗ ಪರದಾಡುವುದಕ್ಕಿಂತ ಇದನ್ನು ಮೊದಲೇ ಮಾಡಿಕೊಳ್ಳುವುದು ಒಳ್ಳೆಯದು.

ಇನ್ನು ಕಾಪಾಡುವ ಬಗೆ. ಮೈಸೂರಿನ ಹವೆ ಮರಕ್ಕೆ ಬಹುಮಟ್ಟಿಗೆ ಹಿತವಾದದ್ದು. ಆದರೆ ಜೂನ್ ಜುಲೈಗಳ ಸೋನೆಯಲ್ಲಿ ಮರ ತೇವ ಹೀರುತ್ತದೆ. ಮಾರ್ಚ್ ಏಪ್ರಿಲ್ ಬಿಸಿಲಿನಲ್ಲಿ ಒಣಗಿ ಕುಗ್ಗುತ್ತದೆ. ಲೇಖನಿ ಹಿಡಿತದವರ ಬೆರಳ ಬೆವರು ನೇರವಾಗಿ ಹಲಗೆಗೇ ಇಳಿಯುತ್ತದೆ. ಆದ್ದರಿಂದ ಹೆಗಲು ಮತ್ತು ಅಂಚುಗಳಿಗೆ ತೆಳುವಾಗಿ ಒಂದು ಸಲ ವಾರ್ನಿಷ್ ಒರೆಸುವುದು ಲೇಸು. ದಪ್ಪ ಬಳಿದರೆ ಹಲಗೆ ಬಿರುಸಾಗುತ್ತದೆ. ಆಟ ಮುಗಿದ ಮೇಲೆ ಒಣಬಟ್ಟೆಯಿಂದ ಒರೆಸಿ ಚೀಲದಲ್ಲಿಡಬೇಕು. ಬಿಸಿಲಲ್ಲಿ ನಿಲ್ಲಿಸಿದ ಸ್ಕೂಟರಿನ ಪೆಟ್ಟಿಗೆಯಲ್ಲಿ ಬ್ಯಾಟು ಬಿಟ್ಟು ತರಗತಿಗೆ ಹೋಗುವ ಮಿತ್ರರು ಆ ಅಭ್ಯಾಸವನ್ನು ಬಿಡಬೇಕೆಂದು ವಿನಂತಿ. ಹೀಗೆ ನೋಡಿಕೊಂಡ ಬ್ಲೇಡು ಕಾಲೇಜಿನ ವ್ಯಾಸಂಗವಷ್ಟೂ ಕಾಲ ಬಂದೇ ಬರುತ್ತದೆ. ಬದಲಿಸಬೇಕಾದದ್ದು ರಬ್ಬರು ಮಾತ್ರ.

ಹೇಳಿದ್ದನ್ನೆಲ್ಲ ಕೂಡಿಸಿ ಹೇಳುವುದಾದರೆ ಕ್ರಮ ಇದು. ಮೊದಲು ಕೈಗೆ ತಕ್ಕ ತೂಕ, ಬೆರಳಿಗೆ ತಕ್ಕ ಹೆಗಲು, ಆಮೇಲೆ ಬ್ಯಾಕ್‌ಹ್ಯಾಂಡನ್ನು ಯಾವ ಮುಖದಿಂದ ಆಡುವೆನೆಂಬ ತೀರ್ಮಾನ, ಕಟ್ಟಕಡೆಗೆ ವೇಗ. ಈ ಕ್ರಮ ತಲೆಕೆಳಗಾದಾಗ ಕೈ ನೋಯುತ್ತದೆ, ಹಣ ಹೋಗುತ್ತದೆ, ಹಿಡಿತಕ್ಕೆ ಕೆಟ್ಟ ಹೆಸರು ಬರುತ್ತದೆ. ಹೆಚ್ಚು ಕಡಿಮೆ ಎಲ್ಲರೂ ಒಂದೇ ರೀತಿ ಆಡುವ ಊರಿನಲ್ಲಿ ಬೇರೆ ರೀತಿ ಆಡುವ ಒಬ್ಬಿಬ್ಬರಿದ್ದರೆ ಅದರಿಂದ ಎದುರಾಡುವವರಿಗೂ ಲಾಭವೇ. ನಮ್ಮ ಸರ್ವಿಸಿನ ತಿರುವು ಅವರಿಗೆ ಬೇರೆಲ್ಲಿಯೂ ಅಭ್ಯಾಸಕ್ಕೆ ಸಿಗುವುದಿಲ್ಲ. ಕಾಲೇಜಿನ ಕ್ರೀಡಾ ವಿಭಾಗದವರು ಮುಂದಿನ ವರ್ಷದ ಖರೀದಿಯಲ್ಲಿ ಹಗುರವಾದ ಒಂದೆರಡು ಲೇಖನಿ ಬ್ಲೇಡುಗಳನ್ನೂ ಸೇರಿಸಿದರೆ, ಹೊಸಬರು ಕೊಳ್ಳುವ ಮುಂಚೆ ಹಿಡಿದು ನೋಡಲು ಅನುಕೂಲವಾಗುತ್ತದೆ. ಅಲ್ಲಿಯವರೆಗೆ ನನ್ನ ಬ್ಯಾಟು ಆಟದ ಕೊಠಡಿಯಲ್ಲಿ ಸಂಜೆ ಐದರ ಮೇಲೆ ಇರುತ್ತದೆ. ಬೇಕಾದವರು ಬಂದು ಹಿಡಿದು ನೋಡಬಹುದು.